ಅಗಲಿದ ಸಹಪಾಠಿಗಳು, ಮೇಷ್ಟ್ರುಗಳ ನೆನಪು: ಬ್ಯಾನರ್ ಬರೆಸುವ ಮೊದಲು ಮಾಡಬೇಕಾದ ಕೆಲಸಗಳು

ಗುರುವಂದನೆ, ಸ್ನೇಹ ಸಮ್ಮಿಲನ ಅಂತ ಹಳೇ ಬ್ಯಾಚಿನವರು ಸೇರುವುದು ಈಗ ಊರೂರಲ್ಲೂ ಇದೆ. ಊಟ ಚೆನ್ನಾಗಿರುತ್ತದೆ. ಶಾಲು, ಹಾರ, ಫಲತಾಂಬೂಲ ಎಲ್ಲ ಲೆಕ್ಕಕ್ಕೆ ಸರಿಯಾಗಿ ಬರುತ್ತವೆ. ಎಡವಟ್ಟಾಗುವುದು ತೀರಿಕೊಂಡವರನ್ನು ನೆನೆಯುವ ಹತ್ತು ನಿಮಿಷದಲ್ಲಿ. ಒಬ್ಬರ ಹೆಸರು ಬಿಟ್ಟುಹೋಗಿರುತ್ತದೆ, ಇನ್ನೊಬ್ಬರ ಫೋಟೊ ಅದಲುಬದಲಾಗಿರುತ್ತದೆ.

ನಮ್ಮದು 1993ರ ಎಸ್ಸೆಸ್ಸೆಲ್ಸಿ ಬ್ಯಾಚು. 2018ರಲ್ಲಿ 25 ವರ್ಷವಾಯಿತು ಅಂತ ಸೇರಿದಾಗ, ಬದುಕಿದ್ದವನೊಬ್ಬನ ಹೆಸರನ್ನೇ ಶ್ರದ್ಧಾಂಜಲಿಯ ಬ್ಯಾನರಿನಲ್ಲಿ ಹಾಕಿಸಿದ್ದೆವು. ಅವನು ಊಟದ ಹೊತ್ತಿಗೆ ಸರಿಯಾಗಿ ಬೈಕಿನಲ್ಲಿ ಬಂದಿಳಿದ. ಬ್ಯಾನರ್ ನೋಡಿ ನಕ್ಕ. ಹಿಂದೆ ಕೂತಿದ್ದ ಅವನ ಹೆಂಡತಿ ನಗಲಿಲ್ಲ. 2023ರಲ್ಲಿ ಎರಡನೇ ಸಲ ಸೇರುವಾಗ ಎಲ್ಲವನ್ನೂ ಮೊದಲಿಂದ ಮಾಡಿದೆವು. ಆಮೇಲೆ ಬೇರೆ ಬ್ಯಾಚಿನವರು ಫೋನ್ ಮಾಡಿ ಕೇಳತೊಡಗಿದರು. ಎಲ್ಲರೂ ಎಡವಿದ್ದು ಒಂದೇ ಜಾಗದಲ್ಲಿ, ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ.

ಎಲ್ಲರೂ ಕೆಲಸ ಶುರುಮಾಡುವುದು ಫೋಟೊದಿಂದ. "ಯಾರ ಹತ್ರ ಅವನ ಫೋಟೊ ಇದೆ, ಕಳಿಸ್ರಪ್ಪಾ" ಅಂತ ಗುಂಪಿನಲ್ಲಿ ಒಂದು ಮೆಸೇಜು, ಸಿಕ್ಕಿದ್ದನ್ನು ಅಂಗಡಿಗೆ ಕಳಿಸಿದರೆ ಮುಗಿಯಿತು. ಇದನ್ನು ತಿರುಗಿಸಿ. ಮೊದಲು ಹೆಸರು ಖಚಿತವಾಗಬೇಕು. ಆಮೇಲೆ ಅವರ ಮನೆಯವರ ಜೊತೆ ಮಾತಾಗಬೇಕು. ಫೋಟೊ ಅದಾದ ಮೇಲೆ.

ಹಂತ 1: ಮೂವರು, ಒಂದು ಉದ್ದ ನೋಟ್‌ಬುಕ್ಕು, ಎರಡು ತಿಂಗಳು

ಮೂವರು ಸಾಕು. ಹತ್ತು ಜನರ ಸಮಿತಿ ಮಾಡಿದರೆ ಕೆಲಸ ಯಾರದ್ದೂ ಆಗುವುದಿಲ್ಲ. ಒಬ್ಬರು ಇನ್ನೂ ಆ ಊರಲ್ಲೇ ಇರುವವರು ಬೇಕು: ಅಂಗಡಿ ಇಟ್ಟವರೋ, ಜಮೀನು ನೋಡಿಕೊಳ್ಳುವವರೋ ಆದರೆ ಒಳ್ಳೆಯದು, ಅವರಿಗೆ ನಾಲ್ಕು ಊರಿನ ಸುದ್ದಿ ಗೊತ್ತಿರುತ್ತದೆ. ಇನ್ನೊಬ್ಬರು ಕಡ್ಡಾಯವಾಗಿ ಬ್ಯಾಚಿನ ಹೆಣ್ಣುಮಗಳು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮೂರನೆಯವರಿಗೆ ಬರವಣಿಗೆ ಚೆನ್ನಾಗಿದ್ದರೆ ಸಾಕು.

ನೋಟ್‌ಬುಕ್ಕಿನಲ್ಲಿ ಐದು ಅಂಕಣ ಹಾಕಿ: ಹೆಸರು, ತಂದೆಯ ಹೆಸರು ಮತ್ತು ಊರು, ಸ್ಥಿತಿ, ಹೇಳಿದವರು ಯಾರು, ಮನೆಯವರ ನಂಬರು. ಎಕ್ಸೆಲ್ ಶೀಟ್ ಬೇಡ ಅಂತಲ್ಲ. ಆದರೆ ಹಳ್ಳಿಯ ಜಗಲಿಯಲ್ಲಿ ಕೂತು ಮಾತಾಡುವಾಗ ಪುಸ್ತಕ ತೆರೆದರೆ ಜನ ಹೇಳುತ್ತಾರೆ, ಮೊಬೈಲು ತೆಗೆದರೆ ಅನುಮಾನದಿಂದ ನೋಡುತ್ತಾರೆ.

ದಿನ ಗೊತ್ತುಮಾಡುವಾಗಲೂ ಯೋಚಿಸಿ. ಪಿತೃಗಳ ದಿನ ಅಲ್ವಾ ಅಂತ ಒಂದು ಬ್ಯಾಚಿನವರು ಮಹಾಲಯ ಅಮಾವಾಸ್ಯೆಗೆ ಇಟ್ಟುಕೊಂಡರು. ಆ ದಿನ ಎಲ್ಲರೂ ಅವರವರ ಮನೆಯಲ್ಲಿ ಎಡೆ ಇಡುತ್ತಿರುತ್ತಾರೆ. ಬಂದವರು ಹನ್ನೊಂದು ಜನ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವ ಮಾರ್ಚ್, ಏಪ್ರಿಲ್ ಕೂಡ ಬೇಡ, ಶಾಲೆ ಸಿಗುವುದಿಲ್ಲ. ದಸರಾ ರಜೆಯ ಭಾನುವಾರ ಒಳ್ಳೆಯದು.

ಹಂತ 2: ಬದುಕಿರುವವರನ್ನೂ ಸೇರಿಸಿ ಪೂರ್ತಿ ಪಟ್ಟಿ

ತೀರಿಕೊಂಡವರ ಪಟ್ಟಿಯನ್ನು ನೇರವಾಗಿ ಮಾಡಲು ಹೋಗಬೇಡಿ. ನೆನಪಿಗೆ ಬರುವವರು ಮಾತ್ರ ಅದರಲ್ಲಿ ಸೇರುತ್ತಾರೆ: ಕ್ರಿಕೆಟ್ ಆಡುತ್ತಿದ್ದವನು, ರ‍್ಯಾಂಕ್ ಬರುತ್ತಿದ್ದವಳು, ಊರಿನ ದೊಡ್ಡ ಮನೆಯವರು. ಕೊನೇ ಬೆಂಚಿನಲ್ಲಿ ಸುಮ್ನೆ ಕೂತಿದ್ದು ಹೋದವರು ಬಿಟ್ಟುಹೋಗುತ್ತಾರೆ. ಮೊದಲು ಇಡೀ ಬ್ಯಾಚಿನ ಪಟ್ಟಿ ಮಾಡಿ, ಆಮೇಲೆ ಒಬ್ಬೊಬ್ಬರ ಮುಂದೆ ಗುರುತು ಹಾಕಿ.

ಇದಕ್ಕೆ ಶಾಲೆಯ ದಾಖಲಾತಿ ಪುಸ್ತಕ ಬೇಕು. ಅದನ್ನು ಶಾಲೆಯವರು ಎಷ್ಟೇ ವರ್ಷವಾದರೂ ಕಾಪಾಡಿಕೊಂಡು ಬರುತ್ತಾರೆ, ಟಿಸಿ ಕೊಡುವುದೇ ಅದನ್ನು ನೋಡಿ. ಹಾಜರಿ ಪುಸ್ತಕವೂ ಸಿಕ್ಕಿದರೆ ನಿಮ್ಮ ಅದೃಷ್ಟ. ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಮನವಿ ಬರೆದು ಕೊಡಿ. ಯಾಕೆ ಬೇಕು, ಯಾರು ಬಂದು ನೋಡುತ್ತೇವೆ, ಯಾವ ವರ್ಷದ್ದು ಅಂತ ಸ್ಪಷ್ಟವಾಗಿರಲಿ. "ಸಾರ್, ಹಂಗೇ ಒಂದ್ಸಲ ನೋಡ್ಬಿಡ್ತೀವಿ" ಅಂತ ಹೋದರೆ ಎರಡು ಸಲ ವಾಪಸ್ ಬರಬೇಕಾಗುತ್ತದೆ.

ಯಾವ ವರ್ಷದ ಪುಸ್ತಕ ಅನ್ನುವುದು ಬಹಳ ಮುಖ್ಯ. ಎಲ್ಲರೂ ಹತ್ತನೇ ತರಗತಿಯದ್ದು ಕೇಳುತ್ತಾರೆ. ನೀವು ಎಂಟನೆಯದ್ದು ಕೇಳಿ. ನಮ್ಮ ಹೈಸ್ಕೂಲು ಶುರುವಾಗುವುದೇ ಎಂಟರಿಂದ. ಎಂಟಕ್ಕೆ ಸೇರಿ ಒಂಬತ್ತಕ್ಕೆ ಬಿಟ್ಟವರು, ಅಪ್ಪನ ಜೊತೆ ಕೂಲಿಗೆ ಹೋದವರು, ಮದುವೆ ಮಾಡಿ ಕಳಿಸಿಬಿಟ್ಟ ಹುಡುಗಿಯರು, ಇವರ ಹೆಸರು ಹತ್ತರ ಪುಸ್ತಕದಲ್ಲಿ ಇರುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಎಂಟನೇ ಪುಸ್ತಕ ನೋಡಿದ ಮೇಲೆ ಹದಿನೇಳು ಹೆಸರು ಹೊಸದಾಗಿ ಬಂದವು. ಅದರಲ್ಲಿ ಐವರು ತೀರಿಕೊಂಡಿದ್ದರು. ಹಿಂದಿನ ಸಮ್ಮಿಲನದಲ್ಲಿ ಅವರ ಹೆಸರನ್ನು ಯಾರೂ ಎತ್ತಿರಲೇ ಇಲ್ಲ.

ಒಂದು ಎಚ್ಚರಿಕೆ. ದಾಖಲಾತಿ ಪುಸ್ತಕದಲ್ಲಿ ಜಾತಿ, ಹುಟ್ಟಿದ ದಿನ, ತಂದೆಯ ಉದ್ಯೋಗ ಎಲ್ಲ ಇರುತ್ತದೆ. ಪುಟದ ಫೋಟೊ ಹೊಡೆದು ಗುಂಪಿಗೆ ಹಾಕಬೇಡಿ. ಹೆಸರು, ತಂದೆಯ ಹೆಸರು, ಊರು ಇಷ್ಟನ್ನು ಕೈಯಲ್ಲಿ ಬರೆದುಕೊಳ್ಳಿ.

ಹಂತ 3: ಮೇಷ್ಟ್ರುಗಳ ಪಟ್ಟಿ

ಇಲ್ಲಿ ತೊಡಕು ಬೇರೆ. ಮೇಷ್ಟ್ರುಗಳ ಪೂರ್ತಿ ಹೆಸರೇ ನಮಗೆ ಗೊತ್ತಿರುವುದಿಲ್ಲ. ಗಣಿತದ ಮೇಷ್ಟ್ರು, ಪಿ.ಟಿ. ಮೇಷ್ಟ್ರು, ಹಿಂದಿ ಟೀಚರ್ ಅಂತಲೋ, ಇಲ್ಲಾ ನಾವೇ ಇಟ್ಟ ಅಡ್ಡಹೆಸರೋ ಅಷ್ಟೇ. ಉತ್ತರ ಕರ್ನಾಟಕದವರಿಗೆ ಎಲ್ಲ ಟೀಚರೂ ಅಕ್ಕೋರೇ. ಅಡ್ಡಹೆಸರು ಹೇಳಿದರೆ ಎಲ್ಲರಿಗೂ ಥಟ್ಟನೆ ಗೊತ್ತಾಗುತ್ತದೆ, ಆದರೆ ಅದನ್ನು ಬ್ಯಾನರಿಗೆ ಹಾಕಲಾದೀತೇ?

ಆ ಕಾಲದ ಮೇಷ್ಟ್ರುಗಳಲ್ಲಿ ಈಗಲೂ ಇರುವ ಒಬ್ಬರ ಮನೆಗೆ ಹೋಗಿ ಕೂತುಕೊಳ್ಳಿ. ನಿವೃತ್ತ ಶಿಕ್ಷಕರಿಗೆ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಚೆನ್ನಾಗಿ ಗೊತ್ತಿರುತ್ತದೆ. ಖಜಾನೆ, ಬ್ಯಾಂಕು, ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡುವ ಸಾಲು, ಎಲ್ಲೋ ಒಂದು ಕಡೆ ಭೇಟಿಯಾಗಿಯೇ ಇರುತ್ತಾರೆ. ತಾಲ್ಲೂಕಿನ ನಿವೃತ್ತ ನೌಕರರ ಸಂಘದಲ್ಲೂ ವಿಚಾರಿಸಿ. ವರ್ಗಾವಣೆಯಾಗಿ ಒಂದೇ ವರ್ಷ ಇದ್ದು ಹೋದವರನ್ನು ಬಿಡಬೇಡಿ.

ಬೋಧಕರಲ್ಲದವರನ್ನೂ ಸೇರಿಸಿ. ಗಂಟೆ ಹೊಡೆಯುತ್ತಿದ್ದ ಜವಾನರು, ಗುಮಾಸ್ತರು, ಹಾಸ್ಟೆಲಿನ ಅಡುಗೆಯವರು. ನೀವು ಅಕ್ಷರ ದಾಸೋಹ ಬಂದ ಮೇಲಿನ ಬ್ಯಾಚಿನವರಾದರೆ ಬಿಸಿಯೂಟದ ಅಮ್ಮಂದಿರು. ನನ್ನ ಪ್ರಕಾರ ಪಟ್ಟಿ ಪೂರ್ತಿಯಾಗಿದೆಯೋ ಇಲ್ಲವೋ ಅಂತ ನೋಡಬೇಕಾದ್ದೇ ಇಲ್ಲಿ.

ಹಂತ 4: ಇಬ್ಬರು ಹೇಳಿದ ಮೇಲೇ ಗುರುತು

ನಮ್ಮಲ್ಲಿ ಬದುಕಿದ್ದವನ ಹೆಸರು ಬಂದದ್ದು ಹೀಗೆ. ಬ್ಯಾಚಿನಲ್ಲಿ ಮೂವರು ಮಂಜುನಾಥ. ಒಬ್ಬ ಹೋಗಿದ್ದ. ಗುಂಪಿನಲ್ಲಿ ಯಾರೋ "ಮಂಜು ಹೋಗಿಬಿಟ್ಟ ಕಣ್ರೋ" ಅಂತ ಹಾಕಿದರು. ಕೆಳಗೆ ನಲವತ್ತು ಕೈಮುಗಿದ ಚಿತ್ರ ಬಂದವು. ಯಾವ ಮಂಜು ಅಂತ ಯಾರೂ ಕೇಳಲಿಲ್ಲ. ಬ್ಯಾನರ್ ಮಾಡಿಸಿದವನು ತನಗೆ ಪರಿಚಯವಿದ್ದ ಮಂಜುನಾಥನ ಇನಿಷಿಯಲ್ ಹಾಕಿದ.

ಆದ್ದರಿಂದ ನಿಯಮ ಇಷ್ಟೇ. ಒಬ್ಬರು ಹೇಳಿದರೆ ಪೆನ್ಸಿಲಿನಲ್ಲಿ ಬರೆಯಿರಿ. ಅವರಿಗೆ ಸಂಬಂಧವಿಲ್ಲದ ಇನ್ನೊಬ್ಬರು, ಅದೇ ಊರಿನವರೋ ಮನೆಯವರೋ, ಹೇಳಿದ ಮೇಲೆ ಪೆನ್ನಿನಲ್ಲಿ. ಕೇಳುವಾಗ ತಂದೆಯ ಹೆಸರು, ಊರು ಸೇರಿಸಿಯೇ ಕೇಳಿ. ಎರಡನೆಯವರು "ಹೌದು ಅಂತ ಗುಂಪಲ್ಲಿ ಓದಿದ್ದೆ" ಅಂದರೆ ಅದು ಲೆಕ್ಕಕ್ಕಿಲ್ಲ, ಮೊದಲನೆಯ ಮಾತೇ ಸುತ್ತಿ ಬಂದಿರುತ್ತದೆ.

ಹೆಣ್ಣುಮಕ್ಕಳ ವಿಷಯ ಇದಕ್ಕಿಂತ ಕಷ್ಟ. ಮದುವೆಯಾಗಿ ಊರು ಬದಲಾಗಿರುತ್ತದೆ, ಹೆಸರೂ ಬದಲಾಗಿರಬಹುದು. ಗಂಡುಹುಡುಗರ ಗುಂಪಿನಲ್ಲಿ ಕೇಳಿದರೆ "ಎಲ್ಲೋ ಬೆಂಗಳೂರಲ್ಲಿದಾಳೆ" ಅನ್ನುವ ಉತ್ತರ ಬರುತ್ತದೆ, ಅಷ್ಟಕ್ಕೇ ಮುಗಿಯುತ್ತದೆ. ತವರುಮನೆಗೆ ಹೋಗಬೇಕು. ಗಂಡಸರು ಹೋಗಿ ಹೀಗೆ ಕೇಳಿದರೆ ಮನೆಯವರು ಹಿಂಜರಿಯುತ್ತಾರೆ. ತಂಡದಲ್ಲಿ ಹೆಣ್ಣುಮಗಳು ಇರಲೇಬೇಕು ಅಂದದ್ದು ಇದಕ್ಕೆ.

ಖಚಿತಪಡಿಸಿಕೊಳ್ಳಲು ಮರಣ ಪ್ರಮಾಣಪತ್ರ ಕಳಿಸಿ ಅಂತ ಕೇಳಿದ ಬ್ಯಾಚೂ ಒಂದಿತ್ತು. ಪೌತಿ ಖಾತೆಗೆ, ವಿಮೆಗೆ, ಪಿಂಚಣಿಗೆ ಬೇಕಾದ ಕಾಗದ ಅದು. ನಿಮಗೆ ಬೇಡ. ಹೋದ ವರ್ಷ ಗೊತ್ತಾದರೆ ಸಾಕು. ಅದೂ ಗೊತ್ತಾಗದಿದ್ದರೆ ಎಲ್ಲರದ್ದೂ ವರ್ಷ ಬಿಟ್ಟು ಬರೆಸಿ, ಒಬ್ಬರದ್ದು ಮಾತ್ರ ಖಾಲಿ ಬಿಡಬೇಡಿ.

ಹಂತ 5: ಮನೆಯವರ ಜೊತೆ ಮಾತು

ಇದನ್ನು ಬಿಟ್ಟವರೇ ಜಾಸ್ತಿ. ಅವನು ನಮ್ಮ ಗೆಳೆಯ, ನೆನೆಸಿಕೊಳ್ಳಲು ಯಾರನ್ನು ಕೇಳಬೇಕು ಅಂತ ವಾದ ಮಾಡುತ್ತಾರೆ. ಮನಸ್ಸಿನಲ್ಲಿ ನೆನೆಯಲು ಯಾರನ್ನೂ ಕೇಳಬೇಕಿಲ್ಲ. ಮೈಕಿನಲ್ಲಿ ಹೆಸರು ಹೇಳಲು, ಫೋಟೊ ಇಡಲು ಕೇಳಲೇಬೇಕು. ಆ ಮನೆಯಲ್ಲಿ ಮಕ್ಕಳಿಗೆ ಹೇಳದೆ ಇಟ್ಟ ಸಂಗತಿ ಇರಬಹುದು. ಹೆಂಡತಿ ಮತ್ತೆ ಮದುವೆಯಾಗಿರಬಹುದು.

ಆದಷ್ಟೂ ಮನೆಗೇ ಹೋಗಿ. ಇಬ್ಬರು ಹೋಗಿ, ನಾಲ್ವರು ಬೇಡ. ಬೆಂಚ್‌ಮೇಟ್ ಯಾರೋ ಅವರು ಇರಲಿ. ದೂರದವರಾದರೆ ಫೋನು, ಮೆಸೇಜು ಮಾತ್ರ ಬೇಡ. ಮಾತು ಶುರುಮಾಡುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ನಾವು ಹೋದ ಒಂದು ಮನೆಯಲ್ಲಿ ಹೀಗಾಯಿತು:

"ಅಮ್ಮಾ, ನಾನು ನಿಮ್ಮ ಮಗನ ಜೊತೆ ಹೈಸ್ಕೂಲಲ್ಲಿ ಓದಿದವನು."

"ಯಾರ ಮಗ ನೀನು?"

ಅಪ್ಪನ ಹೆಸರು, ಕೇರಿಯ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಮುಖ ನೋಡಿದರು. "ಓ, ಸೈಕಲ್ ತಗೊಂಡು ಬರ್ತಿದ್ದೆ ಅಲ್ವೇನಪ್ಪಾ. ಕೂತ್ಕೋ."

ಅಲ್ಲಿಂದ ಮುಂದೆ ನಾನು ಕೇಳಬೇಕಾದ್ದು ಎರಡೇ ಮಾತು ಉಳಿದಿತ್ತು. ಶಾಲೆಯಲ್ಲಿ ಸೇರುತ್ತಿದ್ದೇವೆ, ಅವನ ಹೆಸರು ಹೇಳಬಹುದಾ? ನೀವು ಬರುತ್ತೀರಾ? ಮಿಕ್ಕದ್ದೆಲ್ಲ ಅವರೇ ಹೇಳಿದರು. ಹೇಗೆ ತೀರಿಕೊಂಡ ಅಂತ ನಾವಾಗಿ ಕೇಳಬಾರದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಪುಸ್ತಕದಲ್ಲಿ ಬರೆಯಬೇಡಿ. ವೇದಿಕೆಯಲ್ಲಿ ಯಾರ ಸಾವಿನ ಕಾರಣವೂ ಬರಕೂಡದು. ಅಪಘಾತ, ಕಾಯಿಲೆ ಅಂತ ಕೆಲವರದ್ದು ಹೇಳಿ ಒಬ್ಬರದ್ದು ಬಿಟ್ಟರೆ, ಬಿಟ್ಟದ್ದೇ ಎಲ್ಲವನ್ನೂ ಹೇಳಿಬಿಡುತ್ತದೆ.

2021ರ ಏಪ್ರಿಲ್, ಮೇ ತಿಂಗಳಲ್ಲಿ ಹೋದವರ ಮನೆಗೆ ಜಾಸ್ತಿ ಸಮಯ ಇಟ್ಟುಕೊಂಡು ಹೋಗಿ. ಆಗ ಮುಖ ನೋಡಲು ಆಗಲಿಲ್ಲ, ಮಾತಾಡಿಸಲು ಯಾರೂ ಬರಲಿಲ್ಲ. ನಮ್ಮ ಗೆಳತಿಯೊಬ್ಬಳ ಗಂಡ ಎರಡು ಗಂಟೆ ಮಾತಾಡಿದರು. ಫೋಟೊ ಕೇಳುವುದನ್ನೇ ಮರೆತು ಬಂದೆವು, ಇನ್ನೊಂದು ಸಲ ಹೋದೆವು.

"ಬೇಡಪ್ಪಾ" ಅಂದರೆ ಬೇಡ. ಒತ್ತಾಯ ಮಾಡಬೇಡಿ, ಇನ್ನೊಬ್ಬರಿಂದ ಹೇಳಿಸಬೇಡಿ. "ಆಮೇಲೆ ಹೇಳ್ತೀವಿ" ಅಂತ ಎರಡು ಸಲ ಅಂದರೂ ಅದು ಬೇಡ ಅಂತಲೇ.

ಹಂತ 6: ಫೋಟೊ

ಮನೆಯಲ್ಲಿ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಮದುವೆ ಫೋಟೊ, ಇಲ್ಲವೇ ಪೂಜೆ ಗೂಡಿನ ಹತ್ತಿರ ಹಾರ ಹಾಕಿ ತೂಗುಹಾಕಿದ ಫೋಟೊ. ಗೋಡೆಯಿಂದ ಇಳಿಸಲು ಹೇಳಬೇಡಿ. ಹಳೆಯ ಟ್ರಂಕಿನಲ್ಲಿ ಹುಡುಕಲು ಹೇಳಿ. ಆ ತಾಯಿ ತಂದುಕೊಟ್ಟದ್ದು ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್. ಪ್ಲಾಸ್ಟಿಕ್ ಕವರಿನಲ್ಲಿತ್ತು. ಸ್ಟಾಂಪ್ ಗಾತ್ರದ ಕಪ್ಪು ಬಿಳುಪು ಫೋಟೊ, ಎಡ ಭುಜದ ಮೇಲೆ ಶಾಲೆಯ ಸೀಲು. ಸೀಲು ತೆಗೆಸೋಣ ಅಂತ ಅಂಗಡಿಯವನು ಅಂದ. ಬೇಡ ಅಂದೆವು.

ಮೂಲ ಫೋಟೊ ತೆಗೆದುಕೊಂಡು ಹೋಗಬೇಡಿ, ಅಲ್ಲೇ ಪ್ರತಿ ಮಾಡಿಕೊಳ್ಳಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಆಫ್ ಮಾಡಿ, ಮೊಬೈಲನ್ನು ನೇರವಾಗಿ ಮೇಲಿಂದ ಹಿಡಿಯಿರಿ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಗಾತ್ರ ಕುಗ್ಗಿ ಮಂಕಾಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ಏನೂ ಸಿಗದಿದ್ದರೆ ಗ್ರೂಪ್ ಫೋಟೊದಿಂದ ಮುಖ ಕತ್ತರಿಸುವುದು ಕೊನೆಯ ದಾರಿ. ಲೆಕ್ಕ ನೋಡಿ. ಗ್ರೂಪ್ ಫೋಟೊದಲ್ಲಿ ಒಂದು ಮುಖ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. 600 ಡಿಪಿಐಗೆ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ ಸುಮಾರು 236 ಚುಕ್ಕಿ. ಅದು ಎರಡು ಸೆಂಟಿಮೀಟರ್ ಅಗಲಕ್ಕೆ ಚೆನ್ನಾಗಿ ಅಚ್ಚಾಗುತ್ತದೆ. ಎ4 ಗಾತ್ರಕ್ಕೆ ಹಿಗ್ಗಿಸಿದರೆ ಮುಖ ಇರುವುದಿಲ್ಲ, ಬರೀ ಮಸಿ. ಆ ಫೋಟೊವನ್ನು ಚಿಕ್ಕದಾಗಿಯೇ ಇಡಿ, ಬೇಕಾದರೆ ಎಲ್ಲರದ್ದೂ ಅದೇ ಅಳತೆ ಮಾಡಿ.

ಈಗಿನ ಆ್ಯಪ್‌ಗಳಲ್ಲಿ ಹಾಕಿ ಹೊಳಪು ಮಾಡುವ ಹುಚ್ಚು ಬೇಡ. ಅವು ಮಸುಕಾದ ಮುಖಕ್ಕೆ ತಾವೇ ಒಂದು ಕಣ್ಣು, ಒಂದು ಹಲ್ಲು ಊಹಿಸಿ ಬರೆಯುತ್ತವೆ, ಬಣ್ಣವನ್ನೂ ಬಿಳಿಚಿಸುತ್ತವೆ. ಹಾಗೆ ಮಾಡಿಸಿದ್ದನ್ನು ನೋಡಿ ಒಬ್ಬ ತಂಗಿ "ಇದು ನಮ್ಮಣ್ಣ ಅಲ್ಲ" ಅಂದುಬಿಟ್ಟಳು.

ಹಂತ 7: ಹೆಸರು ಬರೆಸುವುದು

ಹೆಸರಿನ ಮುಂದೆ ಏನು ಹಾಕುವುದು ಅಂತ ಜಗಳ ಬರುತ್ತದೆ. ದಿವಂಗತ ಅಂತ ಎಲ್ಲರಿಗೂ ಹಾಕಲು ಆಗುವುದಿಲ್ಲ. ಲಿಂಗಾಯತರ ಮನೆಯವರು ಲಿಂಗೈಕ್ಯ ಅನ್ನುತ್ತಾರೆ, ಜೈನರು ಜಿನೈಕ್ಯ, ಮುಸಲ್ಮಾನರು ಮರ್ಹೂಂ. ಒಂದೊಂದು ಹೆಸರಿಗೆ ಒಂದೊಂದು ಹಾಕಿದರೆ ಬ್ಯಾನರು ಜಾತಿ ಪಟ್ಟಿಯಂತೆ ಕಾಣುತ್ತದೆ. ಮೇಲೆ ಒಂದೇ ಸಲ "ನಮ್ಮನ್ನು ಅಗಲಿದವರು" ಅಂತ ಬರೆಸಿ, ಕೆಳಗೆ ಬರೀ ಹೆಸರು ಮತ್ತು ಊರು. ಮೇಷ್ಟ್ರುಗಳಿಗೆ ಶ್ರೀ, ಶ್ರೀಮತಿ ಸಾಕು. ಮೇಷ್ಟ್ರುಗಳನ್ನು ಶಾಲೆಗೆ ಸೇರಿದ ವರ್ಷದ ಕ್ರಮದಲ್ಲಿ, ಸಹಪಾಠಿಗಳನ್ನು ಅಕಾರಾದಿಯಲ್ಲಿ ಹಾಕಿ.

ಡಿಟಿಪಿ ಅಂಗಡಿಯಲ್ಲಿ ಇನ್ನೊಂದು ಗುಂಡಿ ಇದೆ. ನೀವು ಮೊಬೈಲಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಎಷ್ಟೋ ಅಂಗಡಿಯವರು ಇನ್ನೂ ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟಿನಲ್ಲಿ ಕೆಲಸ ಮಾಡುತ್ತಾರೆ. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ಹಳೆಯ ಸಾಫ್ಟ್‌ವೇರಿಗೆ ಹಾಗೇ ಅಂಟಿಸಿದರೆ ಲಕ್ಷ್ಮಿ ಹೋಗಿ ಲಕ್‌ಷ್‌ಮಿ ಆಗುತ್ತದೆ. ಹೆಸರುಗಳನ್ನು ಕೈಯಲ್ಲಿ ದೊಡ್ಡದಾಗಿ ಬರೆದ ಹಾಳೆಯನ್ನೂ ಕೊಡಿ. ಅಚ್ಚಿಗೆ ಹೋಗುವ ಮೊದಲು ಇಬ್ಬರು ಕೂತು, ಒಬ್ಬರು ಪುಸ್ತಕ ನೋಡಿ ಜೋರಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನಲ್ಲಿ ಬೆರಳಿಡಬೇಕು. ಮೊಬೈಲಿಗೆ ಬಂದ ಪ್ರೂಫನ್ನು ಬಸ್ಸಿನಲ್ಲಿ ನೋಡಿ "ಓಕೆ" ಕಳಿಸಿದರೆ ತಪ್ಪು ಸಿಗುವುದು ವೇದಿಕೆಯ ಮೇಲೆಯೇ.

ಫ್ಲೆಕ್ಸ್ ಬೇಡ, ಬಟ್ಟೆಯ ಬ್ಯಾನರ್ ಕೇಳಿ. 2016ರಿಂದ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧವಿದೆ. ಅಂಗಡಿಯವರು ಹಾಕಿಕೊಡುತ್ತಾರೆ, ಅದು ಬೇರೆ ಮಾತು. ನನ್ನ ಕಾರಣ ಇನ್ನೊಂದು. ಕಾರ್ಯಕ್ರಮ ಮುಗಿದ ಮೇಲೆ ಫ್ಲೆಕ್ಸನ್ನು ಯಾರಾದರೂ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಒಂದು ಮಳೆಗಾಲ ಪಕ್ಕದ ಊರಿನ ಹಿತ್ತಿಲಲ್ಲಿ ಸೌದೆ ಒಟ್ಟಿಲಿನ ಮೇಲೆ ಹೊದೆಸಿದ್ದ ಫ್ಲೆಕ್ಸ್ ನೋಡಿದೆ. ಹನ್ನೆರಡು ಮುಖಗಳು, ಮೇಲೆ ಕಲ್ಲು ಹೇರಿದ್ದರು.

ಹಂತ 8: ಆ ದಿನ

ಪ್ರಾರ್ಥನೆ, ಸ್ವಾಗತ ಆದ ತಕ್ಷಣ ಇದನ್ನು ಇಡಿ. ಸನ್ಮಾನಕ್ಕಿಂತ ಮೊದಲು. ಊಟದ ನಂತರ ಇಟ್ಟರೆ ಅರ್ಧ ಜನ ಬಸ್ಸಿಗೆ ಹೊರಟಿರುತ್ತಾರೆ, ಉಳಿದವರು ಸೆಲ್ಫಿಯಲ್ಲಿರುತ್ತಾರೆ.

ವೇದಿಕೆಗೆ ಬರುವ ಮೇಷ್ಟ್ರುಗಳಿಗೆ ಪಟ್ಟಿಯನ್ನು ಮುಂಚೆಯೇ ಮನೆಗೆ ಹೋಗಿ ತೋರಿಸಿ. ನಾವು ಮೊದಲ ಸಲ ತೋರಿಸಿರಲಿಲ್ಲ. ಎಂಬತ್ತು ದಾಟಿದ ಮೇಷ್ಟ್ರು ತಮ್ಮ ಮೆಚ್ಚಿನ ಶಿಷ್ಯನ ಹೆಸರನ್ನು ಮೈಕಿನಲ್ಲೇ ಮೊದಲು ಕೇಳಿದರು. ಎದ್ದು ನಿಂತವರು ಕೂರಲು ಕುರ್ಚಿ ಹುಡುಕುತ್ತಿದ್ದರು. ಅವರ ಕೈ ಹಿಡಿಯಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಹೆಸರನ್ನು ನಿರೂಪಕರು ಓದುವುದು ಬೇಡ. ಪ್ರತಿಯೊಬ್ಬರ ಬಗ್ಗೆ ಬೆಂಚ್‌ಮೇಟ್ ಒಬ್ಬರು ಎದ್ದು ಹೆಸರು, ಊರು, ಒಂದು ನೆನಪು ಹೇಳಲಿ. ತಲಾ 40 ಸೆಕೆಂಡ್ ಕೊಟ್ಟರೆ 14 ಹೆಸರು ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಒಂದೇ ಒಂದು ನೆನಪು, ಕಣ್ಣಿಗೆ ಕಾಣುವಂಥದ್ದು. "ಸ್ನೇಹಜೀವಿ, ಸರಳ ವ್ಯಕ್ತಿ" ಅಂತ ಬರೆದುಕೊಂಡು ಬಂದರೆ ವಾಪಸ್ ಕಳಿಸಿ. ಮಳೆ ಬಂದ ದಿನ ಛತ್ರಿ ಇಲ್ಲದೆ ಯೂರಿಯಾ ಚೀಲ ಮಡಚಿ ಕೊಪ್ಪೆ ಹೊದ್ದು ಬರುತ್ತಿದ್ದ, ನನ್ನ ಪುಸ್ತಕವನ್ನೂ ಅದರೊಳಗೆ ಇಟ್ಟುಕೊಳ್ಳುತ್ತಿದ್ದ ಅಂತ ಒಬ್ಬರು ಹೇಳಿದರು. ಅಷ್ಟು ಸಾಕು.

ಹಾಜರಿ ಕೂಗಿ, ತೀರಿಕೊಂಡವರ ಹೆಸರು ಬಂದಾಗ ಎಲ್ಲರೂ ಸೇರಿ "ಪ್ರೆಸೆಂಟ್ ಸಾರ್" ಅನ್ನುವ ಪದ್ಧತಿ ಕೆಲವು ಕಡೆ ಇದೆ. ನನಗೆ ಸರಿಬರುವುದಿಲ್ಲ. ಮುಂದಿನ ಸಾಲಿನಲ್ಲಿ ಅವರಮ್ಮ ಕೂತಿರುತ್ತಾರೆ.

ಫೋಟೊಗಳ ಮುಂದೆ ಒಂದು ತಟ್ಟೆಯಲ್ಲಿ ಬಿಡಿ ಹೂವು ಇಡಿ. ಹಾರ, ಊದುಬತ್ತಿ, ದೀಪ ಎಲ್ಲ ಮನೆಯವರಿಗೂ ಒಪ್ಪಿಗೆಯಾಗುವುದಿಲ್ಲ, ಹಂತ 5ರಲ್ಲೇ ಕೇಳಿಕೊಳ್ಳಿ. ಮೌನಾಚರಣೆಗೆ ಗಡಿಯಾರ ನೋಡಲು ಒಬ್ಬರನ್ನು ನೇಮಿಸಿ. ಒಂದು ನಿಮಿಷ ಅಂದು ಇಪ್ಪತ್ತು ಸೆಕೆಂಡಿಗೇ ಮುಗಿಸುವುದು ಎಲ್ಲ ಕಡೆ ಇರುವ ಚಾಳಿ. ಸೌಂಡ್ ಸಿಸ್ಟಮ್‌ನವರಿಗೂ ಮೊದಲೇ ಹೇಳಿ, ಇಲ್ಲದಿದ್ದರೆ ಮೌನ ಮುಗಿಯುವ ಮುಂಚೆ ಸಿನಿಮಾ ಹಾಡು ಶುರುವಾಗುತ್ತದೆ.

ಬರಲಾಗದ ಮನೆಗಳಿಗೆ ಫೋಟೊದ ಒಂದು ಪ್ರತಿಯನ್ನು ಆ ವಾರದೊಳಗೆ ತಲುಪಿಸಿ.

ಹಂತ 9: ದುಡ್ಡು, ದತ್ತಿ

ಆ ದಿನದ ಬಿಸಿಯಲ್ಲಿ ಯಾರೋ ಮೈಕು ಹಿಡಿದು ಒಂದು ಲಕ್ಷ ಘೋಷಿಸುತ್ತಾರೆ. ಬರೆದುಕೊಳ್ಳಿ, ಆದರೆ ಆ ದಿನ ಏನನ್ನೂ ತೀರ್ಮಾನ ಮಾಡಬೇಡಿ. ಒಂದು ಮನೆಗೆ ಸಹಾಯ ಮಾಡಿ ಇನ್ನೊಂದು ಮನೆಯನ್ನು ಬಿಟ್ಟರೆ ನೆನಪೇ ನೋವಾಗುತ್ತದೆ. ಸಹಾಯ ಬೇರೆ ಕಡೆ, ಸದ್ದಿಲ್ಲದೆ ನಡೆಯಲಿ.

ಮೇಷ್ಟ್ರ ಹೆಸರಲ್ಲಿ ದತ್ತಿ ಬಹುಮಾನ ಇಡುವುದಾದರೆ ಬಡ್ಡಿ ಲೆಕ್ಕ ಹಾಕಿ. ಶೇ. 6.5ರ ಬಡ್ಡಿ ಅಂದರೆ 25,000 ರೂಪಾಯಿಗೆ ವರ್ಷಕ್ಕೆ 1,625. ಒಂದು ಬಹುಮಾನಕ್ಕೆ ಸಾಕು, ಮೂರಕ್ಕಲ್ಲ. ದುಡ್ಡು ಗೆಳೆಯನೊಬ್ಬನ ಖಾತೆಯಲ್ಲಿ ಕೂರಬಾರದು, ಅವನು ಎಷ್ಟೇ ಒಳ್ಳೆಯವನಾಗಲಿ. ಶಾಲೆಯ ಹೆಸರಲ್ಲಿ ಠೇವಣಿ ಇಡಿ. ನಿಮ್ಮದೇ ಹಳೇ ವಿದ್ಯಾರ್ಥಿ ಸಂಘ ಬೇಕು ಅಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಸೇರಿ ನೋಂದಾಯಿಸಬೇಕು. ಸಾಹಿತ್ಯದ ಒಲವಿದ್ದ ಕನ್ನಡ ಮೇಷ್ಟ್ರಾಗಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನಲ್ಲೂ ದತ್ತಿ ಇಡಬಹುದು, ಆಗ ಅವರ ಹೆಸರಲ್ಲಿ ದತ್ತಿ ಉಪನ್ಯಾಸ ನಡೆಯುತ್ತದೆ.

ಮುಖ್ಯೋಪಾಧ್ಯಾಯರು ವರ್ಗವಾದಾಗ ದತ್ತಿ ಮರೆತೇ ಹೋಗುವುದು ದೊಡ್ಡ ಅಪಾಯ. ಅವರು ಚಾರ್ಜ್ ಕೊಡುವಾಗಿನ ಪಟ್ಟಿಯಲ್ಲಿ ಠೇವಣಿ ರಸೀದಿ ಸೇರಿಸಲು ಬರೆದು ಕೇಳಿ. ಹತ್ತು ವರ್ಷ ಯಾರೂ ವಿಚಾರಿಸದ ಠೇವಣಿಯನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತದೆ. ವಾಪಸ್ ಪಡೆಯಬಹುದು, ಆದರೆ ಓಡಾಟ ಯಾರು ಮಾಡುತ್ತಾರೆ?

ಹಂತ 10: ಗುಂಪಿನಲ್ಲಿ ಉಳಿದ ನಂಬರು

ಇದು ಯಾರಿಗೂ ಹೊಳೆಯುವುದಿಲ್ಲ. ತೀರಿಕೊಂಡವರ ನಂಬರು ವಾಟ್ಸಾಪ್ ಗುಂಪಿನಲ್ಲಿ ಹಾಗೇ ಇರುತ್ತದೆ. ಫೋನು ಈಗ ಹೆಂಡತಿಯ ಕೈಯಲ್ಲೋ ಮಗನ ಕೈಯಲ್ಲೋ ಇರಬಹುದು. ನೀವು ಹಾಕುವ ಜೋಕು, ಜಗಳ, "ಅವನ ಸಾಲ ನನಗೂ ಬರಬೇಕಿತ್ತು" ಅನ್ನುವ ಮಾತು, ಎಲ್ಲವನ್ನೂ ಅವರು ಓದುತ್ತಿರುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬ ಮಗ ಒಂದೂವರೆ ವರ್ಷ ಸುಮ್ನೆ ಓದಿಕೊಂಡಿದ್ದ. ಅಪ್ಪನ ಹಳೇ ಕಥೆ ಬರುತ್ತಲ್ಲ, ಅದಕ್ಕೆ ಅಂದ. ಅವನನ್ನು ಇಟ್ಟುಕೊಂಡೆವು, ಜೋಕಿಗೆ ಬೇರೆ ಗುಂಪು ಮಾಡಿಕೊಂಡೆವು.

ಸಿಮ್ ನಿಂತುಹೋಗಿದ್ದರೆ 90 ದಿನ ಕಳೆದ ಮೇಲೆ ಕಂಪನಿ ಆ ನಂಬರನ್ನು ಬೇರೆಯವರಿಗೆ ಕೊಡಬಹುದು. ಆಗ ಸತ್ತ ಗೆಳೆಯನ ಹೆಸರಿನ ಪಕ್ಕದಲ್ಲಿ ಅಪರಿಚಿತರ ಮದುವೆ ಫೋಟೊ ಬಂದು ಕೂರುತ್ತದೆ. ಮೂರು ತಿಂಗಳಾದ ಮೇಲೆ ಆ ನಂಬರಿಗೆ ಒಂದು ಸಲ ಕರೆ ಮಾಡಿ. ಮನೆಯವರು ಎತ್ತಿದರೆ, ಗುಂಪಿನಲ್ಲಿ ಇರುತ್ತೀರಾ ಅಂತ ಕೇಳಿ. ಬೇರೆ ಯಾರಾದರೂ ಎತ್ತಿದರೆ ರಾಂಗ್ ನಂಬರ್ ಅಂತ ಹೇಳಿ ಇಡಿ, ನಂಬರು ತೆಗೆಯಿರಿ.